ಹಳೆ ಎಡಿಷನ್ನಿಗೆ ತಿಥಿ ಮಾಡಬೇಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯ ಬೇರೆ ಬೇರೆ ವೇಷಗಳು: ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ (ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಸಾಹಸದ ಆಟ) ಹಳೆ ಎಡಿಷನ್ ನಿಂತುಹೋಗಿದೆಯಂತೆ, ಇನ್ನೂ ಆಡಬಹುದೇ? ಚೆನ್ನೆಮಣೆಗೆ ಅಪ್‌ಡೇಟ್ ಬಂತೇ ಎಂದು ಯಾರೂ ಕೇಳುವುದಿಲ್ಲ, ಇದನ್ನು ಮಾತ್ರ ಕೇಳುತ್ತಾರೆ. ಡಿಎಂ ಎಂದರೆ ಆಟ ನಡೆಸುವವರು, ಡಿ-20 ಎಂದರೆ 20 ಮುಖದ ದಾಳ; ಇದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ. ಅಷ್ಟು ಗೊತ್ತಿದ್ದವರು ಮುಂದೆ ಓದಿ.

ಪ್ರಶ್ನೆ: ಮೊದಲ ಎಡಿಷನ್ ‘ಅಡ್ವಾನ್ಸ್ಡ್’ ಆಟದ ಒಂದು ಸಾಹಸ ಪುಸ್ತಿಕೆ ಸಿಕ್ಕಿದೆ. ಮಣಿಪಾಲದ ಗೆಳೆಯರ ಹತ್ತಿರ ಇರುವುದು ಓಲ್ಡ್-ಸ್ಕೂಲ್ ಎಸೆನ್ಷಿಯಲ್ಸ್ ಎಂಬ ನಿಯಮ ಪುಸ್ತಕ. ಎರಡನ್ನೂ ಸೇರಿಸಿ ಆಡಿದರೆ ಎರಡನೇ ಕೋಣೆಯಲ್ಲೇ ಐವರೂ ಸತ್ತರು. ಹಳೆಯದಕ್ಕೆ ಈಗ ಸಪೋರ್ಟ್ ಇಲ್ಲ, ಹೊಸ ಎಡಿಷನ್ನಿಗೆ ಹೋಗುವುದೇ ವಾಸಿ ಎನ್ನುತ್ತಾರೆ. ಹೌದೇ? (ಕದ್ರಿಯ ಓದುಗರು)

ಉತ್ತರ: ಐವರೂ ಸತ್ತದ್ದು ಸಪೋರ್ಟ್ ಇಲ್ಲದೆ ಅಲ್ಲ ಮಾರಾಯ್ರೆ, ಲೆಕ್ಕ ತಪ್ಪಿ.

ಸಪೋರ್ಟ್ ಇಲ್ಲ ಎನ್ನುವವರಿಗೆ ಮೊದಲು ನಾಲ್ಕು ಇಸವಿ. 1997ರಲ್ಲಿ ಈ ಆಟವನ್ನು ಮೊದಲು ಹೊರತಂದ ಟಿಎಸ್ಆರ್ ಕಂಪನಿಯನ್ನು ವಿಝಾರ್ಡ್ಸ್ ಆಫ್ ದ ಕೋಸ್ಟ್ ಕೊಂಡುಕೊಂಡಿತು. 2000ದಲ್ಲಿ ಮೂರನೇ ಎಡಿಷನ್ನಿನ ಜತೆಗೆ, ಆಟದ ನಿಯಮಗಳನ್ನು ಬೇರೆಯವರೂ ಬಳಸಿ ಬರೆಯಲು ಬಿಡುವ ಓಪನ್ ಗೇಮ್ ಲೈಸೆನ್ಸ್ ಬಂತು. ಆ ಲೈಸೆನ್ಸಿನಡಿ ಬಿಟ್ಟ ಪದಗಳನ್ನೂ ನಿಯಮಗಳನ್ನೂ ಇಟ್ಟುಕೊಂಡೇ ಅಭಿಮಾನಿಗಳು ಹಿಂದಿನ ಎಡಿಷನ್ನುಗಳನ್ನು ಹೊಸದಾಗಿ ಬರೆದರು. 2006ರ ಆಸ್ರಿಕ್ ಮೊದಲ ಎಡಿಷನ್ನಿನ ಅಡ್ವಾನ್ಸ್ಡ್ ಅನ್ನು, 2007ರ ಲ್ಯಾಬಿರಿಂತ್ ಲಾರ್ಡ್ 1981ರ ‘ಬೇಸಿಕ್’ ಎಂಬ ಸರಳ ರೂಪವನ್ನು, 2008ರ ಸ್ವೋರ್ಡ್ಸ್ ಆ್ಯಂಡ್ ವಿಝಾರ್ಡ್ರಿ 1974ರ ಮೂಲ ಆಟವನ್ನು ಅನುಸರಿಸುತ್ತವೆ. ನಿಮ್ಮ ಗೆಳೆಯರ ಪುಸ್ತಕ 2019ರದ್ದು, ಅದೂ 1981ರ ಬೇಸಿಕ್‌ನದ್ದೇ ಮರುಬರಹ. ವಿಝಾರ್ಡ್ಸ್ ಕಂಪನಿಯೂ ಸುಮ್ಮನೆ ಕೂತಿಲ್ಲ: 2009ರಲ್ಲಿ ಪಿಡಿಎಫ್ ಮಾರಾಟ ನಿಲ್ಲಿಸಿದ್ದು ನಿಜ, ಆದರೆ 2012ರಲ್ಲಿ ಮೊದಲ ಎಡಿಷನ್ನಿನ ಮೂರು ಮೂಲ ಪುಸ್ತಕಗಳನ್ನು ಮರುಮುದ್ರಿಸಿತು, 2013ರಲ್ಲಿ ಹಳೆಯ ಪಿಡಿಎಫ್‌ಗಳನ್ನು ಮತ್ತೆ ಮಾರಲು ಇಟ್ಟಿತು. ಸತ್ತವರ ಮನೆಯಲ್ಲಿ ಇಷ್ಟು ಗದ್ದಲ ಇರುವುದಿಲ್ಲ.

ಈಗ ನಿಮ್ಮ ಎರಡನೇ ಕೋಣೆ. ನಿಮ್ಮ ಪುಸ್ತಿಕೆ ಅಡ್ವಾನ್ಸ್ಡ್ ಮನೆತನದ್ದು, ನಿಯಮ ಪುಸ್ತಕ ಬೇಸಿಕ್ ಮನೆತನದ್ದು. ದಾಯಾದಿಗಳು, ಮುಖ ಒಂದೇ ಥರ, ಲೆಕ್ಕಪತ್ರ ಬೇರೆ. (ಎಸೆನ್ಷಿಯಲ್ಸ್‌ನಲ್ಲಿ ‘ಅಡ್ವಾನ್ಸ್ಡ್ ಫ್ಯಾಂಟಸಿ’ ಎಂಬ ದೊಡ್ಡ ರೂಪವೂ ಇದೆ. ಹೆಸರು ನೋಡಿ ಮೋಸ ಹೋಗಬೇಡಿ, ಅದರ ಗಣಿತವೂ ಬೇಸಿಕ್‌ನದ್ದೇ.)

ಮೊದಲ ತಪ್ಪು ಆರ್ಮರ್ ಕ್ಲಾಸ್‌ನದ್ದು. ಆರ್ಮರ್ ಕ್ಲಾಸ್, ಅಂದರೆ ಎಸಿ, ಏಟು ತಗಲುವುದು ಎಷ್ಟು ಕಷ್ಟ ಎಂದು ಹೇಳುವ ಅಂಕೆ. ಹಳೆ ಎರಡೂ ಆಟಗಳಲ್ಲಿ ಎಸಿ ಇಳಿದಷ್ಟೂ ಕವಚ ಗಟ್ಟಿ. ಆದರೆ ಕವಚವೇ ಇಲ್ಲದವನ ಎಸಿ ಅಡ್ವಾನ್ಸ್ಡ್‌ನಲ್ಲಿ 10, ಬೇಸಿಕ್‌ನಲ್ಲಿ 9. ಏರುವ ಎಸಿಗೆ (ಅಂಕೆ ಹೆಚ್ಚಿದಷ್ಟೂ ಕವಚ ಗಟ್ಟಿ ಎನ್ನುವ ಲೆಕ್ಕಕ್ಕೆ) ತಿರುಗಿಸುವಾಗ ಆಸ್ರಿಕ್‌ನಲ್ಲಿ 20ರಿಂದ ಕಳೆಯಬೇಕು, ಎಸೆನ್ಷಿಯಲ್ಸ್‌ನಲ್ಲಿ 19ರಿಂದ. ಎಲ್ಲಿಯೋ ಓದಿದ ‘20ರಿಂದ ಕಳೆಯಿರಿ’ ಎಂಬ ಸೂತ್ರವನ್ನೇ ಎಲ್ಲ ಕಡೆಗೂ ಹಚ್ಚುತ್ತಾರೆ. ಪುಸ್ತಿಕೆಯಲ್ಲಿ ಓಗರ್ ಎಂಬ ಒಂದು ರಾಕ್ಷಸ ಇದೆ, ಎಸಿ 5 ಎಂದಿಟ್ಟುಕೊಳ್ಳಿ. ಸರಿಯಾದ ಲೆಕ್ಕದಲ್ಲಿ 14. ಮೊದಲ ಹಂತದ ಯೋಧನಿಗೆ ಡಿ-20ರ 7 ಮುಖಗಳಲ್ಲಿ ಏಟು ತಗಲುತ್ತದೆ. 20ರಿಂದ ಕಳೆದರೆ 15; ಉಳಿಯುವುದು 6 ಮುಖ. ಒಂದು ತಾನೇ ಎಂದು ನಗಬೇಡಿ, ತಗಲುವ ಏಟುಗಳಲ್ಲಿ ಏಳನೇ ಒಂದು ಪಾಲು ಹೋಯಿತು. ಎಸಿ 0 ಇರುವ ಶತ್ರುವಿನ ಎದುರು ಎರಡು ಮುಖದ ಜಾಗದಲ್ಲಿ ಒಂದೇ ಮುಖ, ಅಂದರೆ ಅರ್ಧಕ್ಕರ್ಧ ಖೋತಾ. ಇತ್ತ ಆಟಗಾರರ ಕವಚ ಮಾತ್ರ ಪುಸ್ತಕದಲ್ಲಿದ್ದಂತೆ 19ರ ಲೆಕ್ಕದಲ್ಲೇ ಇರುತ್ತದೆ. ತಕ್ಕಡಿಯ ಒಂದೇ ತಟ್ಟೆಗೆ ಕಲ್ಲಿಟ್ಟ ಹಾಗೆ.

ತಿರುಗಿಸುವ ಗೋಜೇ ಬೇಡ ಎನ್ನುವುದು ನನ್ನ ಸಲಹೆ. ಎಸೆನ್ಷಿಯಲ್ಸ್‌ನಲ್ಲಿ ಇಳಿಯುವ ಎಸಿಯ ಕೋಷ್ಟಕವೂ ಇದೆ. ಪುಸ್ತಿಕೆಯ 5 ಅನ್ನು 5 ಎಂದೇ ಇಟ್ಟುಕೊಂಡು ಥ್ಯಾಕೊ, ಅಂದರೆ ಎಸಿ 0ಕ್ಕೆ ಹೊಡೆಯಲು ಬೇಕಾದ ಅಂಕೆಯಿಂದ, ಅದನ್ನು ಕಳೆಯಿರಿ. 19ರಲ್ಲಿ 5 ಹೋದರೆ 14. ಥ್ಯಾಕೊ ಕಷ್ಟ ಎಂದು ಅಳುವವರು ಹಂಪನಕಟ್ಟೆಯಲ್ಲಿ ಚಿಲ್ಲರೆ ಹೇಗೆ ಎಣಿಸಿಕೊಳ್ಳುತ್ತಾರೋ ಗೊತ್ತಿಲ್ಲ.

ಎರಡನೆಯದು, ನಿಮ್ಮವರು ಸಾಯಲು ಹೆಚ್ಚಾಗಿ ಇದೇ ಕಾರಣ: ಜೀವದ ಅಂಕೆ. ಅಡ್ವಾನ್ಸ್ಡ್‌ನಲ್ಲಿ ಯೋಧನಿಗೆ ಡಿ-10, ಪೂಜಾರಿಗೆ ಡಿ-8, ಕಳ್ಳನಿಗೆ ಡಿ-6. ಬೇಸಿಕ್‌ನಲ್ಲಿ ಕ್ರಮವಾಗಿ 8, 6, 4. ರಾಕ್ಷಸರಿಗೆ ಮಾತ್ರ ಎರಡೂ ಕಡೆ ಡಿ-8. ಮೇಲಾಗಿ ಅಡ್ವಾನ್ಸ್ಡ್‌ನಲ್ಲಿ 0ಗೆ ಇಳಿದವನು ಪ್ರಜ್ಞೆ ತಪ್ಪಿ ಬಿದ್ದು, ಸುತ್ತಿಗೊಂದರಂತೆ ಕುಸಿದು, ಮೈನಸ್ 10ಕ್ಕೆ ಸಾಯುತ್ತಾನೆ. ಅಷ್ಟರೊಳಗೆ ಯಾರಾದರೂ ಗಾಯ ಕಟ್ಟಬಹುದು. ಬೇಸಿಕ್‌ನಲ್ಲಿ 0 ಎಂದರೆ ಅಲ್ಲಿಗೆ ಮುಗಿಯಿತು. ಮೈನಸ್ 10 ಇದೆ ಎಂದು ನಂಬಿ ಬರೆದ ಕೋಣೆಗೆ ನೀವು ಅದಿಲ್ಲದವರನ್ನು ನುಗ್ಗಿಸಿದಿರಿ.

ಇದಕ್ಕೆ ಶತ್ರುಗಳ ಸಂಖ್ಯೆ ಕಡಿಮೆ ಮಾಡಬೇಡಿ, ಸಾಹಸದ ರುಚಿಯೇ ಹೋಗುತ್ತದೆ. ಜನ ಸೇರಿಸಿ. ಕರಿಸ್ಮಾ (ಜನರನ್ನು ಸೆಳೆಯುವ ಗುಣದ ಅಂಕೆ) 9ರಿಂದ 12 ಇರುವ ಸಾಧಾರಣ ಪಾತ್ರವೂ ನಾಲ್ವರು ಬಂಟರನ್ನು ಕಟ್ಟಿಕೊಳ್ಳಬಹುದು. ಐವರ ಜತೆ ನಾಲ್ಕೈದು ಬಂಟರು ನಡೆದರೆ ಲೆಕ್ಕ ಸರಿಹೋಗುತ್ತದೆ. ಅವರಿಗೆ ಲೂಟಿಯಲ್ಲಿ ಅರ್ಧ ಪಾಲು ಕೊಡಿ, ಜಿಪುಣತನ ಬೇಡ.

ಮೂರನೆಯದು ಮೊರೇಲ್, ಅಂದರೆ ಶತ್ರುಗಳ ಧೈರ್ಯದ ಅಂಕೆ. ಅಡ್ವಾನ್ಸ್ಡ್ ಪುಸ್ತಿಕೆಯ ಶತ್ರುಗಳ ಸಾಲಿನಲ್ಲಿ ಬೇಸಿಕ್‌ನ ಮೊರೇಲ್ ಅಂಕೆ ಇರುವುದಿಲ್ಲ. ಅಂಕೆ ಕಾಣದ ಡಿಎಂ ಎಲ್ಲ ಗಾಬ್ಲಿನ್‌ಗಳನ್ನೂ ಸಾಯುವ ತನಕ ಕಾದಾಡಿಸುತ್ತಾರೆ. ಆಡುವ ಮೊದಲೇ ನಿಯಮ ಪುಸ್ತಕದಿಂದ ಅಂಕೆ ತೆಗೆದು ಪುಸ್ತಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಿರಿ: ಗಾಬ್ಲಿನ್ 7, ಓಗರ್ 10. ಅವರ ಪಕ್ಷದಲ್ಲಿ ಮೊದಲ ಸಾವಾದಾಗ ಒಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ ಎರಡು ಡಿ-6 ಉರುಳಿಸಿ. ಮೊತ್ತ ಆ ಅಂಕೆಯನ್ನು ಮೀರಿದರೆ ಓಟ. ಗಾಬ್ಲಿನ್‌ಗಳು ಪ್ರತಿ ಪರೀಕ್ಷೆಯಲ್ಲೂ 36ರಲ್ಲಿ 15 ಸಲ ಕಾಲಿಗೆ ಬುದ್ಧಿ ಹೇಳುತ್ತವೆ. ನಿಮ್ಮ ಎರಡನೇ ಕೋಣೆಯಲ್ಲಿ ಇದನ್ನು ಒಮ್ಮೆಯಾದರೂ ಉರುಳಿಸಿದಿರಾ?

ಕೊನೆಗೆ ಸುತ್ತಿನ ಅವಧಿ: ಅಡ್ವಾನ್ಸ್ಡ್‌ನಲ್ಲಿ ಒಂದು ನಿಮಿಷ, ಬೇಸಿಕ್‌ನಲ್ಲಿ 10 ಸೆಕೆಂಡ್. ಕಾದಾಟದೊಳಗೆ ಸುತ್ತನ್ನು ಸುತ್ತೆಂದೇ ಎಣಿಸಿ. ‘ಹತ್ತು ಸುತ್ತಿನಲ್ಲಿ ಕೋಣೆಗೆ ನೀರು ತುಂಬುತ್ತದೆ’ ಎಂಬಂಥ ಕಡೆ ಮಾತ್ರ ಹತ್ತು ನಿಮಿಷ, ಅಂದರೆ ಒಂದು ಟರ್ನ್ ಎಂದು ಓದಿ.

ಇಷ್ಟೆಲ್ಲ ಬೇಡ ಎನಿಸಿದರೆ ಆಸ್ರಿಕ್‌ನ ಪಿಡಿಎಫ್ ತೆಗೆದುಕೊಂಡು ಪುಸ್ತಿಕೆಯನ್ನು ಅದರ ಸ್ವಂತ ಮನೆತನದಲ್ಲೇ ಆಡಿ.

ಪ್ರಶ್ನೆ: 2023ರಲ್ಲಿ ಓಪನ್ ಗೇಮ್ ಲೈಸೆನ್ಸ್ ರದ್ದಾಯಿತಂತೆ. ನಾವು ಕೊಂಡ ಪುಸ್ತಕಗಳು ಈಗ ಕಾನೂನುಬಾಹಿರವೇ? (ಉಡುಪಿ)

ಉತ್ತರ: ರದ್ದಾಗಿಲ್ಲ. ರದ್ದು ಮಾಡುವ ಕರಡು ಜನವರಿಯಲ್ಲಿ ಸೋರಿತು, ಆಟಗಾರರು ತಿರುಗಿಬಿದ್ದರು, ಅದೇ ತಿಂಗಳು ಕಂಪನಿ ಹಿಂದೆ ಸರಿದು ಐದನೇ ಎಡಿಷನ್ನಿನ ಮೂಲ ನಿಯಮಗಳನ್ನು, ಯಾರು ಬೇಕಾದರೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್‌ಗೇ ಬಿಟ್ಟುಕೊಟ್ಟಿತು. ಲೈಸೆನ್ಸ್ ಬೇಕಾಗುವುದು ಬರೆದು ಮಾರುವವರಿಗೆ. ಮನೆಯ ಚಾವಡಿಯಲ್ಲಿ ಕೂತು ಆಡಲು ಯಾರ ಲೈಸೆನ್ಸೂ ಬೇಡ. ಯೂಟ್ಯೂಬ್ ಪಂಡಿತರ ವಿಡಿಯೋ ನೋಡಿ ನಿದ್ದೆಗೆಡಬೇಡಿ.

ಪ್ರಶ್ನೆ: ಎಲ್ಲ ಎಡಿಷನ್ನುಗಳೂ ಇರುವ ಪೆನ್‌ಡ್ರೈವ್ ಮುನ್ನೂರು ರೂಪಾಯಿಗೆ ಕೊಡುತ್ತಾರೆ. ತೆಗೆದುಕೊಳ್ಳಲೇ?

ಉತ್ತರ: ಕದ್ದ ಮಾಲು. ಎಸೆನ್ಷಿಯಲ್ಸ್‌ನ ಬೇಸಿಕ್ ನಿಯಮಗಳೂ, ಬೇಸಿಕ್ ಫ್ಯಾಂಟಸಿ ಎಂಬ ಇಡೀ ಆಟವೂ ಧರ್ಮಕ್ಕೇ ಸಿಗುವಾಗ ಮುನ್ನೂರು ಕೊಟ್ಟು ವೈರಸ್ ತರುವುದು ಯಾವ ಬುದ್ಧಿವಂತಿಕೆ?

ಪ್ರಶ್ನೆ: ಕೊಂಡ ಪಿಡಿಎಫ್ ಅನ್ನು ಜೆರಾಕ್ಸ್ ಅಂಗಡಿಯಲ್ಲಿ ಪುಸ್ತಕ ಮಾಡಿಸುವುದು ಹೇಗೆ? ಮಳೆಗಾಲದಲ್ಲಿ ಹಾಳೆಗಳು ಕಿತ್ತು ಬರುತ್ತಿವೆ. (ಸುರತ್ಕಲ್)

ಉತ್ತರ: ಸ್ವಂತ ಬಳಕೆಗೆ ಮುದ್ರಿಸಬಹುದು ಎಂದು ಅನೇಕ ಪ್ರಕಾಶಕರು ಪಿಡಿಎಫ್‌ನಲ್ಲೇ ಬರೆದಿರುತ್ತಾರೆ, ಅಂಗಡಿಯವರಿಗೆ ಆ ಪುಟ ತೋರಿಸಿ. ಎ5 ಅಳತೆಯ 64 ಪುಟಕ್ಕೆ 16 ಎ4 ಹಾಳೆ ಸಾಕು. ಬುಕ್‌ಲೆಟ್ ಎಂದು ಆರಿಸಿ, ಹಾಳೆ ಗಿಡ್ಡ ಅಂಚಿನ ಮೇಲೆ ಮಗುಚುವಂತೆ ಹೇಳಿ. ಇಲ್ಲದಿದ್ದರೆ ಹಿಂದಿನ ಪುಟ ತಲೆಕೆಳಗೆ ಬರುತ್ತದೆ. ಪುಟ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. ನಡುವೆ ಪಿನ್ ಹೊಡೆಸಿ, ಗಮ್ ಬೈಂಡಿಂಗ್ ಬೇಡ, ನಮ್ಮ ಆಷಾಢದ ತೇವಕ್ಕೆ ಅದು ನಿಲ್ಲುವುದಿಲ್ಲ. ಒಂದಿಂಚಿನ ಚೌಕದ ನಕ್ಷೆಯನ್ನು ಮಾತ್ರ ಬೇರೆ ಫೈಲ್ ಮಾಡಿ ‘ಆ್ಯಕ್ಚುವಲ್ ಸೈಜ್’ನಲ್ಲಿ ತೆಗೆಸಿ, ‘ಫಿಟ್’ ಒತ್ತಿದರೆ ಚೌಕ ಕುಗ್ಗಿ ಗೊಂಬೆಗಳು ಒಂದರ ಮೇಲೊಂದು ಕೂರುತ್ತವೆ. ಹಳೆಯ ಮೂಲ ಪ್ರತಿಗಳನ್ನು ಬಿಸಿಲಿಗೆ ಹಾಕಬೇಡಿ, ಲ್ಯಾಮಿನೇಟ್ ಅಂತೂ ಮಾಡಲೇಬೇಡಿ. ಮುಚ್ಚಳ ಬಿಗಿಯಾಗಿರುವ ಡಬ್ಬಿ, ಒಳಗೆ ಸಿಲಿಕಾ ಜೆಲ್.

ಪ್ರಶ್ನೆ: ಡಿ-20 ಸಿಗುತ್ತಿಲ್ಲ, ಕವಡೆ ಹಾಕಬಹುದೇ? (ಕಾಪು)

ಉತ್ತರ: ಬೇಡ, ಕವಡೆಯಲ್ಲಿ ನಡುವಿನ ಅಂಕೆಗಳೇ ಹೆಚ್ಚು ಬೀಳುತ್ತವೆ. 1ರಿಂದ 20ರ ತನಕ ಚೀಟಿ ಬರೆದು ಲೋಟಕ್ಕೆ ಹಾಕಿ, ಎತ್ತಿದ ಚೀಟಿ ಪ್ರತಿ ಸಲ ವಾಪಸ್ ಹಾಕಿ. ಡೈಸ್‌ನ ಕೊರತೆ ಬಂದಾಗ ಟಿಎಸ್ಆರ್‌ನವರೇ ಪೆಟ್ಟಿಗೆಯೊಳಗೆ ಚೀಟಿ ಇಟ್ಟು ಮಾರಿದ್ದುಂಟು.

ಪ್ರಶ್ನೆ: ತುಳುನಾಡಿನ ಸಾಹಸವೊಂದನ್ನು ಬರೆದು ಹಳೆ ಎಡಿಷನ್ನಿಗೆಂದು ಮಾರಬಹುದೇ? ಪಂಜುರ್ಲಿಗೆ ಹಿಟ್ ಡೈಸ್ (ಜೀವದ ಅಂಕೆಗೆ ಉರುಳಿಸುವ ದಾಳ) ಎಷ್ಟು ಕೊಡಲಿ?

ಉತ್ತರ: ಮಾರಬಹುದು. ಯಾವ ಮರುಬರಹಕ್ಕೆ ಬರೆಯುತ್ತೀರೋ ಅದರ ಲೈಸೆನ್ಸ್ ಪೂರ್ತಿ ಓದಿ, ಮುಖಪುಟದಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಹೆಸರು ಹಾಕಬೇಡಿ, ಅದು ಟ್ರೇಡ್‌ಮಾರ್ಕ್. ದೈವಕ್ಕೆ ಹಿಟ್ ಡೈಸ್ ಬರೆಯಬೇಡಿ. ಅಂಕೆ ಬರೆದರೆ ಯಾರಾದರೂ ಕೊಲ್ಲಲು ಹೊರಡುತ್ತಾರೆ, ಆಮೇಲೆ ನಿಮ್ಮೂರಿನ ಗುತ್ತಿನವರಿಗೆ ಉತ್ತರ ಹೇಳಬೇಕಾದವರು ನೀವು.

ಪ್ರಶ್ನೆ: ಹಾಗಾದರೆ ಐದನೇ ಎಡಿಷನ್ ಆಡಲೇಬಾರದೇ?

ಉತ್ತರ: ಆಡಿ. ಯಾರು ತಡೆದರು?