ಮಗಳು ಸೊಂಟದಿಂದ ಚೆಂಡು ತಳ್ಳುವುದನ್ನು ತಿದ್ದುವ ಬಗ್ಗೆ

ಹತ್ತು ವರ್ಷದ ಮಗಳು ಎರಡೂ ಕೈ ಹಾಕಿ ಸೊಂಟದ ಹತ್ತಿರದಿಂದ ಬ್ಯಾಸ್ಕೆಟ್‌ಬಾಲ್ ಚೆಂಡು ತಳ್ಳುತ್ತಾಳೆ, ಹೇಗೆ ತಿದ್ದಲಿ ಅಂತ ಕೇಳಿದ್ದೀರಿ. ಮೊದಲು ಚೆಂಡಿನ ಮೇಲಿನ ಅಂಕಿ ನೋಡಿ. 7 ಅಂತಿದ್ದರೆ ಅದು ದೊಡ್ಡ ಗಂಡಸರ ಸೈಜ್, ತಪ್ಪು ಅವಳದ್ದಲ್ಲ. ಮಕ್ಕಳ ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ 5ನೇ ಸೈಜ್ ಚೆಂಡು, 2.60 ಮೀಟರ್ ಎತ್ತರದ ರಿಂಗ್. ಭಾರದ ಚೆಂಡನ್ನು ದೊಡ್ಡವರ 3.05 ಮೀಟರ್ ರಿಂಗಿಗೆ ಮುಟ್ಟಿಸು ಅಂದರೆ ಯಾವ ಮಗುವಾದರೂ ಸೊಂಟದಿಂದಲೇ ಎಸೆಯುತ್ತದೆ.

ರಿಂಗ್ ತಗ್ಗಿಸಲಾಗದಿದ್ದರೆ ದೂರ ತಗ್ಗಿಸಿ. ರಿಂಗಿನಿಂದ ಒಂದೂವರೆ ಮೀಟರ್‌ನಲ್ಲಿ ನಿಲ್ಲಿಸಿ, ಬಲಗೈ ಒಂದರಲ್ಲೇ ಎಸೆಯಲಿ (ಬಲಗೈಯವಳು ಅಂದುಕೊಂಡಿದ್ದೇನೆ). ಚೆಂಡು ಅಗಲಿಸಿದ ಬೆರಳುಗಳ ಮೇಲೆ ಕೂರಬೇಕು, ಚೆಂಡಿಗೂ ಅಂಗೈಗೂ ನಡುವೆ ಒಂದು ಬೆರಳು ತೂರುವಷ್ಟು ಸಂದು ಇರಬೇಕು. ಮೊಣಕೈ ಚೆಂಡಿನ ಕೆಳಗೆ. ಮಂಡಿ ಬಗ್ಗಿಸಿ ಮೇಲೇಳುವಾಗಲೇ ಕೈಯೂ ಏಳಬೇಕು. ಮಂಡಿ ನೆಟ್ಟಗಾದ ಮೇಲೆ ಕೈ ಹೊರಟರೆ ಕಾಲಿನ ಬಲವೆಲ್ಲ ವ್ಯರ್ಥ. ಚೆಂಡು ಬಿಟ್ಟಾಗ ಮಣಿಕಟ್ಟು ಮುಂದಕ್ಕೆ ಬಾಗಿ, ಚೆಂಡು ರಿಂಗ್ ಮುಟ್ಟುವವರೆಗೂ ಕೈ ಹಾಗೇ ಮೇಲಿರಲಿ.

ಇದು ಸಲೀಸಾದ ಮೇಲೆ ಎಡಗೈ ಸೇರಿಸಿ, ಪಕ್ಕದಲ್ಲಿ ಆನಿಸಲು ಮಾತ್ರ. ಇಲ್ಲೇ ಎಡವಟ್ಟಾಗುವುದು: ಎಡ ಹೆಬ್ಬೆರಳು ತನಗೇ ಗೊತ್ತಿಲ್ಲದೆ ತಳ್ಳುತ್ತದೆ. ಪತ್ತೆ ಸುಲಭ. ಚೆಂಡಿನ ಕಪ್ಪು ಗೆರೆ ಅಡ್ಡ ಬರುವಂತೆ ಹಿಡಿಸಿ. ಗಾಳಿಯಲ್ಲಿ ಗೆರೆ ನೇರ ಹಿಂದಕ್ಕೆ ಉರುಳಿದರೆ ಸರಿ, ಓಲಾಡಿದರೆ ಹೆಬ್ಬೆರಳಿನ ಕೆಲಸ. ಆಗ ಎಡ ಹೆಬ್ಬೆರಳನ್ನು ತೋರುಬೆರಳಿಗೆ ಅಂಟಿಸಿಕೊಂಡು ಎಸೆಯಲಿ.

ಮೂರು ಪಾಯಿಂಟ್ ಗೆರೆಯ (ಅದರಾಚೆಯಿಂದ ಹಾಕಿದರೆ ಮೂರು ಅಂಕ) ಹತ್ತಿರ ಸದ್ಯಕ್ಕೆ ಬಿಡಬೇಡಿ, ಎಷ್ಟೇ ಗೋಗರೆದರೂ. ಸತತ ಮೂರ್ನಾಲ್ಕು ಎಸೆತ ರಿಂಗಿಗಿಂತ ಮೊದಲೇ ಬಿದ್ದರೆ ಕಾಲು ದಣಿದಿದೆ. ‘ಜೋರಾಗಿ ಎಸಿ’ ಅನ್ನದೆ ಒಂದು ಹೆಜ್ಜೆ ಮುಂದೆ ಕರೆಯಿರಿ.