ಆನ್‌ಲೈನ್ ಟೆಸ್ಟ್‌ಗೂ ಮೊದಲೇ ಹೇಳಿಬಿಡಿ

ದೃಷ್ಟಿದೋಷ ಇರುವುದನ್ನು ಕೆಲಸದ ಅರ್ಜಿಯಲ್ಲೇ ಬರೆಯಬೇಕಾ, ಆಫರ್ ಬಂದ ಮೇಲೆ ಹೇಳಿದರೆ ಸಾಕಾ ಅಂತ ಕೇಳಿದ್ದೀರಿ. ನಾನಾಗಿದ್ದರೆ ಅರ್ಜಿಯಲ್ಲಿ ಬರೆಯುವುದಿಲ್ಲ. ಅಲ್ಲಿ ನಿಮ್ಮ ಓದು, ಪ್ರಾಜೆಕ್ಟ್ ಕಂಡರೆ ಸಾಕು. ಆದರೆ ಟೆಸ್ಟ್ ಇದೆ ಅಂತ ಮೇಲ್ ಬಂದ ದಿನವೇ ಹೇಳಿಬಿಡಿ. ಎಷ್ಟೋ ಟೆಸ್ಟ್‌ಗಳು ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಜೊತೆ ಹೊಂದಿಕೊಳ್ಳುವುದಿಲ್ಲ. ಪ್ರಶ್ನೆಯಲ್ಲಿರುವ ಗ್ರಾಫ್ ಬರೀ ಚಿತ್ರವಾಗಿದ್ದರೆ ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ಹೆಚ್ಚೆಂದರೆ "ಗ್ರಾಫಿಕ್" ಅಂದು ಮುಂದೆ ಹೋಗುತ್ತದೆ, ಅಂಕಿಗಳು ನಿಮಗೆ ಸಿಗುವುದೇ ಇಲ್ಲ. ಟೈಮರ್ ಮಾತ್ರ ಓಡುತ್ತಲೇ ಇರುತ್ತದೆ. ಆಫರ್ ತನಕ ಕಾಯೋಣ ಅಂದರೆ ಇಲ್ಲೇ ಸಿಕ್ಕಿಬೀಳುತ್ತೀರಿ, ಅಲ್ವಾ?

ಮೇಲ್ ಚಿಕ್ಕದಾಗಿರಲಿ. ಕಾಯಿಲೆಯ ಹೆಸರು, ಚಿಕಿತ್ಸೆಯ ಕಥೆ ಬೇಡ. "ನಾನು ಸ್ಕ್ರೀನ್ ರೀಡರ್ ಬಳಸುತ್ತೇನೆ. ಹೆಚ್ಚುವರಿ ಸಮಯ ಬೇಕಾಗುತ್ತದೆ. ಗ್ರಾಫ್‌ನ ಅಂಕಿಗಳನ್ನು ಪಠ್ಯವಾಗಿ ಕೊಡಿ. ಮಾದರಿ ಟೆಸ್ಟ್ ಇದ್ದರೆ ಮೊದಲೇ ಕಳಿಸಿ." ಇಷ್ಟು ಸಾಕು. ಮಾದರಿ ಕೇಳುವುದನ್ನು ಮಾತ್ರ ಬಿಡಬೇಡಿ, ತೊಂದರೆ ಎಲ್ಲಿದೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಕೇಳಲು ಸಂಕೋಚ ಬೇಡವೇ ಬೇಡ. ನೇಮಕಾತಿಯಲ್ಲಿ ತಾರತಮ್ಯ ಮಾಡಬಾರದು ಅಂತ ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿಯಲ್ಲೇ ಇದೆ. ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದವರಿಗೂ ಆ ಮೇಲ್‌ನ ಪ್ರತಿ ಹಾಕಿ. ಕಂಪನಿ ಉತ್ತರ ಕೊಡದಿದ್ದರೆ ಫೋನ್ ಮಾಡಿ ಕೇಳಲು ಅವರಿಗೆ ಸುಲಭ.