ಜಾಗಕ್ಕೆ ಬಂದರೂ ಮುಂದಿನ ಸುಳಿವು ತೆರೆಯದಿದ್ದರೆ

ಊರಲ್ಲಿ ಓಡಾಡುತ್ತಾ ಫೋನಲ್ಲಿ ಆಡುವ ಸುಳಿವು ಹುಡುಕುವ ಆಟದಲ್ಲಿ, ಹೇಳಿದ ಜಾಗಕ್ಕೆ ಹೋದರೆ ಮುಂದಿನ ಸುಳಿವು ತೆರೆಯಬೇಕು. ಆದರೆ ಸುಳಿವು ಹೇಳಿದ ಗೋಪುರದ ಬುಡದಲ್ಲೇ ನಿಂತರೂ ಆಟ "ಇನ್ನೂ 60 ಮೀಟರ್" ಅಂತಿದ್ದರೆ, ಹೆಚ್ಚಾಗಿ ಸುತ್ತಲಿನ ಎತ್ತರದ ಕಟ್ಟಡಗಳೇ ಕಾರಣ. ಉಪಗ್ರಹದ ಸಿಗ್ನಲ್ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ಫೋನ್ ನಿಮ್ಮನ್ನು ಪಕ್ಕದ ರಸ್ತೆಯಲ್ಲಿ ತೋರಿಸುತ್ತೆ. ಬಯಲಲ್ಲಿ ಸುಮಾರು 5 ಮೀಟರ್ ಇರುವ ತಪ್ಪು ಇಂಥ ಕಡೆ ಹತ್ತಾರು ಮೀಟರ್ ಆಗುತ್ತೆ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ಆಟದ ಆ್ಯಪ್‌ನ ಲೊಕೇಶನ್ ಅನುಮತಿ ತೆರೆದು 'ನಿಖರ' (Precise) ಲೊಕೇಶನ್ ಆನ್ ಇದೆಯಾ ನೋಡಿ. ಅದು ಆಫ್ ಇದ್ದರೆ ಬೇರೆ ಏನು ಮಾಡಿದರೂ ವ್ಯರ್ಥ. ಬ್ಯಾಟರಿ ಸೇವರ್ ಆಫ್ ಮಾಡಿ. ವೈಫೈ ಯಾವುದಕ್ಕೂ ಕನೆಕ್ಟ್ ಆಗದಿದ್ದರೂ ಆನ್ ಇರಲಿ, ಸುತ್ತಲ ವೈಫೈ ನೋಡಿಯೂ ಫೋನ್ ಜಾಗ ಅಂದಾಜು ಮಾಡುತ್ತೆ. ಆಮೇಲೆ ಗೋಡೆಯಿಂದ ದೂರ, ಆಕಾಶ ಚೆನ್ನಾಗಿ ಕಾಣುವ ಮೂಲೆಗೆ ಬಂದು ಮ್ಯಾಪ್ ತೆರೆಯಿರಿ. ನೀಲಿ ಚುಕ್ಕೆಯ ಸುತ್ತಲ ತಿಳಿ ವೃತ್ತ ಕುಗ್ಗುವವರೆಗೆ ಒಂದೆರಡು ನಿಮಿಷ ಕಾಯಿರಿ. ಅವಸರಪಟ್ಟರೆ ಇಲ್ಲೇ ಕೆಡೋದು. ಕುಗ್ಗಿದ ಮೇಲೆ ಆಟಕ್ಕೆ ಮರಳಿ ನಿಧಾನವಾಗಿ ಗುರುತಿನತ್ತ ನಡೆಯಿರಿ.

ದಯವಿಟ್ಟು ಆ್ಯಪ್ ತೆಗೆದು ಮತ್ತೆ ಹಾಕಬೇಡಿ. ಅಂಕಗಳು ಫೋನಲ್ಲೇ ಉಳಿದಿದ್ದರೆ ಎಲ್ಲ ಹೋಗುತ್ತೆ.

ಇಷ್ಟಾದರೂ ಗೋಪುರದ ಬುಡದಲ್ಲಿ 60 ಅಂತಲೇ ತೋರಿಸಿದರೆ, ಆಟ ಕಟ್ಟಿದವರೇ ಗುರುತನ್ನು ತಪ್ಪು ಕಡೆ ಇಟ್ಟಿರಬಹುದು. ದೂರ ಕಮ್ಮಿಯಾಗುವ ದಿಕ್ಕಿಗೆ ನಡೆದು ನೋಡಿ, ಇಲ್ಲವೇ ಆ ಸುಳಿವನ್ನು ಸ್ಕಿಪ್ ಮಾಡಿ.